ಕುಡಿಯೋಕೆ ಏನ್ ಕೊಡ್ಲಿ?

ಬಿಸಿಲಲ್ಲಿ ಬಂದವರಿಗೆ ಕುಡಿಯಲು ಏನಾದರೂ ಕೊಡದೆ ಕಳಿಸುವುದಿಲ್ಲ, ಅದು ನಮ್ಮ ಕೋಲಾರದ ಕಡೆಯವರ ಒಳ್ಳೆಯ ಗುಣ. ಆ ಒಳ್ಳೆಯ ಗುಣವೇ ನನಗೆ ಗ್ರಹಚಾರವಾಗಿ ಗಂಟುಬಿದ್ದಿದೆ. ಹಾಲಿನ ಡೇರಿಗಳಲ್ಲಿ ಫ್ಯಾಟ್ ನೋಡುವ ಮಿಷಿನ್ ರಿಪೇರಿ ಮಾಡುವುದು ನನ್ನ ಕೆಲಸ. ದಿನಕ್ಕೊಂದು ಊರು, ಊರಿಗೊಂದು ಲೋಟ. ಹೀಗಿರುವಾಗ ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಹೋದರೆ, ಗೋಧಿ, ರವೆ, ಮೈದಾ, ಬಾರ್ಲಿ ಯಾವುದೂ ನಿಮ್ಮ ಕರುಳಿಗೆ ಸೇರುವುದಿಲ್ಲ, ಅವುಗಳಲ್ಲಿ ಗ್ಲುಟನ್ ಎಂಬುದು ಇದೆ ಎಂದರು. ತಿನ್ನುವುದು ಕಷ್ಟವಾಗಲಿಲ್ಲ. ಮುದ್ದೆ ತಿಂದು ಬೆಳೆದವನಿಗೆ ಚಪಾತಿ ಬಿಡುವುದೇನು ಮಹಾ. ನನ್ನ ಮಾನ ಹೋದದ್ದೆಲ್ಲ ಕುಡಿಯುವುದರಲ್ಲೇ.

ಫ್ರೀ

ಡಾಕ್ಟರು ಹೇಳಿದ ಹೊಸದರಲ್ಲಿ ವೇಮಗಲ್‌ಗೆ ಹೋಗಿದ್ದೆ. ಬಾಯಾರಿತ್ತು. ರಸ್ತೆ ಬದಿಯ ಅಂಗಡಿಯಲ್ಲಿ ಸುಮ್ಮನೆ ಒಂದು ಸೋಡಾ ಕೇಳಿ ಕುಡಿದಿದ್ದರೆ ಆಗುತ್ತಿತ್ತು. ಆದರೆ ಹೊಸದಾಗಿ ಕಲಿತ ಇಂಗ್ಲಿಷು ಬಾಯೊಳಗೆ ನಿಲ್ಲಬೇಕಲ್ಲ. ಗತ್ತಿನಿಂದ, ಗ್ಲುಟನ್ ಫ್ರೀ ಇರುವ ಕೂಲ್ ಡ್ರಿಂಕ್ಸ್ ಯಾವುದಿದೆ ಎಂದು ಕೇಳಿದೆ.

ಅಂಗಡಿಯ ಭಾಯ್ ಒಳ್ಳೆಯ ಮನುಷ್ಯ. ಫ್ರಿಜ್ಜಿನೊಳಗೆ ತಲೆ ಹಾಕಿ ಒಂದೊಂದೇ ಬಾಟಲಿ ತಿರುಗಿಸಿ ನೋಡಿದರು. ಕೊನೆಗೆ ನಿಜವಾಗಿಯೂ ಬೇಜಾರು ಮಾಡಿಕೊಂಡು ಹೇಳಿದರು: "ದೊಡ್ಡ ಬಾಟ್ಲಿಗೆ ಗ್ಲಾಸ್ ಫ್ರೀ ಐತೆ ಸಾರ್. ಗ್ಲುಟನ್ ಈ ಸಲ ಕಂಪ್ನಿಯೋರು ಕಳ್ಸಿಲ್ಲ."

ಬಿಡಿಸಿ ಹೇಳುವ ಶಕ್ತಿ ಇರಲಿಲ್ಲ. ದೊಡ್ಡ ಬಾಟಲಿಯನ್ನೂ ಗ್ಲಾಸನ್ನೂ ತೆಗೆದುಕೊಂಡು ಮನೆಗೆ ಬಂದೆ. ನಡೆದದ್ದನ್ನು ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಈಗ ನೆಂಟರ ಎದುರಿಗೇ, "ಲೇ, ಆ ಗ್ಲುಟನ್ ತೊಳೆದಿಟ್ಯೇನೋ?" ಎಂದು ಕೇಳುತ್ತಾಳೆ.

ಬಾರ್ಲಿ

ಇದು ಕ್ಯಾಲನೂರಿನ ಆಚೆ ಒಂದು ಹಳ್ಳಿಯ ಡೇರಿಯಲ್ಲಿ. ಕುಡಿಯೋಕೆ ಏನು ಕೊಡಲಿ ಎಂದು ಸೆಕ್ರೆಟರಿಯ ಹೆಂಡತಿ ಕೇಳಿದರು. ಅಷ್ಟರಲ್ಲಿ ನನಗೆ ಬುದ್ಧಿ ಬಂದಿತ್ತು. ಇಂಗ್ಲಿಷು ಬಿಟ್ಟು, ನನಗೆ ಗೋಧಿ ಸೇರಲ್ಲಮ್ಮ ಎಂದಷ್ಟೇ ಹೇಳಿದೆ. ಆ ತಾಯಿ ಅಯ್ಯೋ ಪಾಪ ಎಂದುಕೊಂಡು, ಹೊಟ್ಟೆಗೆ ತಂಪಾಗಲಿ ಅಂತ ಲೋಟದ ತುಂಬ ಗಂಜಿಯ ಹಾಗೆ ಬೆಳ್ಳಗಿದ್ದ ಬಾರ್ಲಿ ನೀರು ತಂದುಕೊಟ್ಟರು.

ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಆಮೇಲೆ ಯಾರಿಗೂ ಕಾಣದಂತೆ ಚೆಲ್ಲಿದರಾಯಿತು ಎಂದು ಲೋಟವನ್ನು ಮಿಷಿನ್ ಪಕ್ಕ ಇಟ್ಟೆ. ರಿಪೇರಿ ಮುಗಿಸಿ, ಸಾಮಾನು ಬೈಕಿಗೆ ಹಾಕಿ ಬರುವಷ್ಟರಲ್ಲಿ, ಪರೀಕ್ಷೆಗೆಂದು ನಾನೇ ಹಾಲು ಇಟ್ಟಿದ್ದೇನೆ ಎಂದುಕೊಂಡ ಸೆಕ್ರೆಟರಿ ಅದನ್ನೇ ಮಿಷಿನ್ನಿಗೆ ಹಾಕಿಬಿಟ್ಟಿದ್ದರು. ಫ್ಯಾಟ್ ಸೊನ್ನೆ.

ಇದೇನ್ರೀ ನೀವು ಮಾಡಿದ ರಿಪೇರಿ ಎಂದು ಅವರು ಜಗಳಕ್ಕೇ ಬಂದರು. ನಿಜ ಹೇಳೋಣವೆಂದರೆ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದಾರೆ. ತೆಪ್ಪಗೆ ಸರಿಯಾಗಿದ್ದ ಮಿಷಿನ್ನನ್ನು ಮತ್ತೆ ಬಿಚ್ಚಿದೆ, ತೊಳೆದೆ, ಉಫ್ ಎಂದು ಊದಿದೆ, ಮತ್ತೆ ಜೋಡಿಸಿ ಒಳ್ಳೆಯ ಹಾಲು ಹಾಕಿ ತೋರಿಸಿದೆ. ನಿಮ್ಮ ಕೈಗುಣವೇ ಕೈಗುಣ ಎಂದು ಹೊಗಳಿದರು. ಮಿಷಿನ್ನಿಗೆ ಏನೂ ಆಗಿರಲಿಲ್ಲ. ನನ್ನ ಹಾಗೆ ಅದಕ್ಕೂ ಬಾರ್ಲಿ ಆಗಿಬರಲಿಲ್ಲ, ಅಷ್ಟೇ.

ಮಾಲ್ಟ್

ಹೆಣ್ಣು ನೋಡಲು ಹೋದಾಗ ಕೊಟ್ಟದ್ದನ್ನು ಗಂಡು ಮುಟ್ಟದಿದ್ದರೆ ಒಪ್ಪಿಗೆ ಇಲ್ಲವೆಂದೇ ಅರ್ಥ. ಹೀಗೆ ಉಪ್ಪಿಟ್ಟು ಮುಟ್ಟದೆ ಮಾಲೂರಲ್ಲೊಂದು, ಮುಳಬಾಗಿಲಲ್ಲೊಂದು ಸಂಬಂಧ ಕಳೆದುಕೊಂಡಿದ್ದೆ. ಅದಕ್ಕೇ ಶ್ರೀನಿವಾಸಪುರ ದಾಟಿ ಗೌನಿಪಲ್ಲಿಗೆ ಹೊರಟಾಗ ಅಮ್ಮ ಮೊದಲೇ ಫೋನ್ ಮಾಡಿ, ತಿಂಡಿ ಏನೂ ಮಾಡಬೇಡಿ, ಕುಡಿಯೋಕೆ ಏನಾದರೂ ಸಾಕು ಎಂದಿದ್ದಳು. ದಾರಿಯುದ್ದಕ್ಕೂ ನನಗೆ ಒಂದೇ ಪಾಠ. ಕಾಯಿಲೆ ಇದೆ ಅಂದರೆ ಯಾರೂ ಹೆಣ್ಣು ಕೊಡಲ್ಲ, ಬಾಯಿ ಬಿಡಬೇಡ, ಕೊಟ್ಟಿದ್ದು ಕುಡಿ. ಕೊಟ್ಟರೆ ಬಾಟಲಿ ಜ್ಯೂಸು ಕೊಡುತ್ತಾರೆ ಎಂದು ನಾನೂ ಧೈರ್ಯವಾಗಿದ್ದೆ.

ಹುಡುಗಿ ತಟ್ಟೆ ಹಿಡಿದು ಬಂದಳು. ನನ್ನ ಹೊಸ ಶರ್ಟಿನ ಕಾಲರಿನಿಂದ ಅಂಗಡಿಯ ಚೀಟಿ ನೇತಾಡುತ್ತಿತ್ತಂತೆ, ಅದನ್ನು ನೋಡಿ ತುಟಿ ಕಚ್ಚಿ ನಗು ತಡೆದುಕೊಂಡಳು. ಅಷ್ಟಕ್ಕೇ ನನಗೆ ಬಹಳ ಇಷ್ಟವಾಗಿಬಿಟ್ಟಳು. ಈ ಸಂಬಂಧ ಮಾತ್ರ ತಪ್ಪಬಾರದು ದೇವರೇ ಎಂದುಕೊಳ್ಳುತ್ತಾ, ಲೋಟದಲ್ಲಿ ಏನಿದೆ ಎಂದು ಕೇಳಿದೆ. ರಾಗಿ ಮಾಲ್ಟ್ ಎಂದಳು.

ಮಾಲ್ಟ್ ಎಂದರೆ ಬಾರ್ಲಿ, ಅದು ವಿಷ ಎಂದು ಫೋನಿನಲ್ಲಿ ಓದಿದ್ದೆ. ರಾಗಿ ಎಂಬ ಮಾತು ಕಿವಿಗೆ ಬೀಳಲೇ ಇಲ್ಲ. ಅವಳ ಮುಖವನ್ನೇ ನೋಡುತ್ತಾ ಅಂದುಬಿಟ್ಟೆ: "ನಂಗೆ ಆಗಿಬರಲ್ಲ."

ಅಮ್ಮ ನನ್ನ ತೊಡೆ ಚಿವುಟಿದಳು. ಮೂಲೆಯಲ್ಲಿದ್ದ ಅಜ್ಜಿ "ಪಿಲ್ಲ ನಚ್ಚಲೇದಂಟ" ಎಂದು ಕಣ್ಣೊರೆಸಿಕೊಂಡರು. ಹುಡುಗಿ ಹಿಡಿಸಲಿಲ್ಲವಂತೆ ಎಂಬಷ್ಟು ತೆಲುಗು ನನಗೂ ಬರುತ್ತದೆ. ಹುಡುಗಿಯ ಅಪ್ಪ ಗಂಟಲು ಸರಿಮಾಡಿಕೊಂಡರು.

"ಬಿಡಿಸಿ ಹೇಳ್ಬಿಡಪ್ಪಾ. ಆಗಿಬರದೇ ಇರೋದು ಮಾಲ್ಟಾ, ನನ್ನ ಮಗಳಾ?"

ಇನ್ನೇನು ಮುಚ್ಚಿಡುವುದು. ಕರುಳು, ಗೋಧಿ, ಡಾಕ್ಟರು, ಮಾಲೂರಿನ ಉಪ್ಪಿಟ್ಟು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅಮ್ಮ ತಲೆ ಮೇಲೆ ಕೈ ಹೊತ್ತಳು. ಹುಡುಗಿ ಮಾತ್ರ ಈ ಸಲ ನಗು ತಡೆಯಲಿಲ್ಲ. ಅದು ಮೊಳಕೆ ಕಟ್ಟಿ ಬೀಸಿದ ಬರೀ ರಾಗಿ, ಮಾಲ್ಟ್ ಎನ್ನುವುದು ಹೆಸರಿಗಷ್ಟೇ ಎಂದು ಹೇಳಿ, ಕೋಲಾರದಲ್ಲಿ ಹುಟ್ಟಿ ರಾಗಿಗೆ ಹೆದರೋರನ್ನ ಇವತ್ತೇ ನೋಡಿದ್ದು ಎಂದಳು. ನಾಚಿಕೆಯಿಂದ ಆ ಲೋಟ ಗಟಗಟ ಕುಡಿದು, ಇನ್ನೊಂದು ಕೇಳಿದೆ. ಅಜ್ಜಿ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದರು. ಮುಚ್ಚಿಡದೆ ಹೇಳಿದ್ದು ಅವಳ ಅಪ್ಪನಿಗೂ ಹಿಡಿಸಿತು, ಮದುವೆ ಆಯಿತು.

ಈಗ ಯಾರ ಮನೆಗೆ ಹೋದರೂ, ಇವರಿಗೆ ಕುಡಿಯೋಕೆ ಏನು ಕೊಡಲಿ ಎಂದರೆ ಉತ್ತರ ಹೇಳುವವಳು ನನ್ನ ಹೆಂಡತಿ.

"ಇವರಿಗೆ ಗೋಧಿ ಆಗಿಬರಲ್ಲ, ಬಾರ್ಲಿ ಆಗಿಬರಲ್ಲ. ನೋಡೋಕೆ ಬಂದಾಗ ನಾನೂ ಆಗಿಬರಲ್ಲ ಅಂದಿದ್ರು. ಅದೊಂದು ಪಥ್ಯ ಮಾತ್ರ ಇವರ ಕೈಲಿ ಮಾಡೋಕಾಗ್ಲಿಲ್ಲ."