ಅರಬ್ಬಿ ಸಮುದ್ರಕ್ಕೆ ಲಿಂಬೆಹಣ್ಣು ಹಿಂಡಿದ ಪ್ರಸಂಗ

ನನ್ನ ಹೆಂಡತಿ ಮಹಾದೇವಿ ಸಮುದ್ರದ ಹಳೆಯ ಹವಾಮಾನವನ್ನು ಅಭ್ಯಾಸ ಮಾಡುವವಳು. ನಾನು ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಆದ್ದರಿಂದ ಅವಳ ಕೆಲಸದಲ್ಲಿ ಅರ್ಧದಷ್ಟು ನನಗೂ ಬರುತ್ತದೆ ಎಂದು ನಾನು ದೃಢವಾಗಿ ನಂಬಿದ್ದೆ.

ಅವ್ವನ ಮೊಣಕಾಲಿನ ಆಪರೇಶನ್ ಆದಾಗ ಮಹಾದೇವಿ ಕರಾವಳಿಯ ತನ್ನ ಪ್ರಯೋಗಾಲಯಕ್ಕೆ ರಜೆ ಹಾಕಿ ಇಳಕಲ್ಲಿನ ನಮ್ಮ ಮನೆಗೆ ಬಂದಳು. ಜೊತೆಗೆ ಒಂದು ಸೂಕ್ಷ್ಮದರ್ಶಕ, ಒಂದು ಪುಟ್ಟ ಸೀಸೆ. ಸೀಸೆಯಲ್ಲಿ ಅರಬ್ಬಿ ಸಮುದ್ರದ ತಳದ ಕೆಸರನ್ನು ತೊಳೆದು ಒಣಗಿಸಿದ ಬಿಳಿ ಪುಡಿ. ಬರಿಗಣ್ಣಿಗೆ ಸಣ್ಣ ರವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸಾವಿರಾರು ವರ್ಷಗಳ ಹಿಂದೆ ಬದುಕಿದ್ದ ಪುಟಾಣಿ ಜೀವಿಗಳ ಚಿಪ್ಪುಗಳು!

ಅವ್ವ ಇಣುಕಿ ನೋಡಿದಳು. “ಅಯ್ಯ ಶಿವನ! ಹುರದ ಜ್ವಾಳದ ಅಳ್ಳು ಇದ್ದಂಗ ಅದಾವಲ್ಲವ್ವಾ!”

“ಖರೆ ನೋಡ್ರಿ ಅತ್ತಿ. ಈ ಚಿಪ್ಪು ಕಟ್ಟಿಕೊಳ್ಳೋ ಮುಂದ ಸಮುದ್ರ ಎಷ್ಟು ಬೆಚ್ಚಗಿತ್ತು, ಮಳಿಗಾಲ ಜೋರಿತ್ತೋ ಇಲ್ಲೋ, ಎಲ್ಲಾ ಇದರಾಗ ಐತ್ರಿ.”

ಕೂದಲೆಳೆಯಂಥ ಕುಂಚವನ್ನು ಒದ್ದೆ ಮಾಡಿ, ತನಗೆ ಬೇಕಾದ ಜಾತಿಯ ಚಿಪ್ಪುಗಳನ್ನು ಅವಳು ಒಂದೊಂದಾಗಿ ಕಪ್ಪು ತಟ್ಟೆಗೆ ಹೆಕ್ಕುತ್ತಿದ್ದಳು. ದಿನವಿಡೀ ಬಗ್ಗಿ ಕುಳಿತು ಕುತ್ತಿಗೆ ಹಿಡಿದುಕೊಂಡಿತ್ತು. ಅಷ್ಟರಲ್ಲಿ ಅವ್ವನನ್ನು ಬಾಗಲಕೋಟೆಯ ದವಾಖಾನೆಯಲ್ಲಿ ತೋರಿಸಿ ಕರೆತರುವ ದಿನ ಬಂತು.

“ನೀವು ಅದನ್ನ ಮುಟ್ಟಬ್ಯಾಡ್ರಿ ಮತ್ತ” ಎಂದಳು ಮಹಾದೇವಿ, ಕಾರು ಹತ್ತುತ್ತ.

“ಛೇ, ನಾ ಯಾಕ ಮುಟ್ಟಲಿ?” ಎಂದೆ.

ಕಾರು ಓಣಿಯ ತಿರುವು ದಾಟುವುದರೊಳಗೆ ಮುಟ್ಟಿದೆ!

ನನ್ನ ಉದ್ದೇಶ ಪರಮ ಪವಿತ್ರವಾಗಿತ್ತು. ಅವಳು ಬರುವಷ್ಟರಲ್ಲಿ ಕೆಲಸ ಮುಗಿದಿರಬೇಕು, ಅವಳ ಮುಖ ಅರಳಬೇಕು. ಕುಂಚ ಹಿಡಿದೆ. ಬಗ್ಗಿದೆ. ಉಸಿರು ಬಿಗಿಹಿಡಿದೆ. ಸೀನು ಬಂತು.

ಕಪ್ಪು ತಟ್ಟೆ ಖಾಲಿ. ಪ್ರಾಚೀನ ಸಮುದ್ರ ಮೇಜಿನ ಮೇಲೆ, ನೆಲದ ಮೇಲೆ, ನನ್ನ ಮೀಸೆಯ ಮೇಲೆ! ಹಾಳೆಯೊಂದರಿಂದ ಎಲ್ಲವನ್ನೂ ಗೋರಿ ಬಟ್ಟಲಿಗೆ ಹಾಕಿದೆ. ಮನೆಯ ಧೂಳೂ ಸೇರಿ ಪುಡಿ ಕಂದು ಬಣ್ಣಕ್ಕೆ ತಿರುಗಿತ್ತು. ಇದನ್ನು ತೊಳೆಯಲೇಬೇಕು. ಅವ್ವ ದೇವರ ದೀಪದ ಹಿತ್ತಾಳೆ ಸಮೆಯನ್ನು ಲಿಂಬೆಹಣ್ಣು ಹಚ್ಚಿ ಫಳಫಳ ಹೊಳೆಸುವುದು ನೆನಪಾಯಿತು. ಬಣ್ಣ ಒಂದೇ ಆಗಿರಲಿ ಎಂಬ ಮುಂದಾಲೋಚನೆಯಿಂದ ಸೀಸೆಯಲ್ಲಿದ್ದದ್ದನ್ನೂ ಬಟ್ಟಲಿಗೆ ಸುರಿದು, ಲಿಂಬೆಹಣ್ಣು ಹಿಂಡಿದೆ.

ಬುಸ್ಸೆಂದು ನೊರೆ ಬಂತು. ಆಹಾ, ಕೊಳೆ ಬಿಡುತ್ತಿದೆ! ಹುರುಪಿನಿಂದ ಇನ್ನೊಂದು ಹಣ್ಣು ಹಿಂಡಿದೆ. ಸ್ವಲ್ಪ ಹೊತ್ತಿಗೆ ನೊರೆ ಇಳಿಯಿತು. ತಳದಲ್ಲಿ ಚಿಟಿಕೆಯಷ್ಟು ಧೂಳು ಬಿಟ್ಟರೆ ಬಟ್ಟಲಿನಲ್ಲಿ ಏನೂ ಇರಲಿಲ್ಲ.

ಆಗ ಹೊಳೆಯಿತು. ಆ ಚಿಪ್ಪುಗಳೆಂದರೆ ಸುಣ್ಣ. ಲಿಂಬೆರಸ ಎಂದರೆ ಆಮ್ಲ. ಎರಡೂ ಸೇರಿದರೆ ಏನಾಗುತ್ತದೆ ಎಂದು ಹತ್ತನೆಯ ತರಗತಿಯ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಕೇಳುವ ಮಹಾನುಭಾವ ನಾನೇ!

ಸಂಜೆ ಇಬ್ಬರೂ ಬಂದರು.

“ಯಾಕ್ರಿ, ಮಾರಿ ಹಿಂಗ್ಯಾಕ ಮಾಡೀರಿ?” ಎಂದಳು ಮಹಾದೇವಿ.

ಬಟ್ಟಲು ಮುಂದೆ ಹಿಡಿದೆ. ಅವ್ವ ಮೂಸಿ ನೋಡಿ, “ಪಾನಕ ಏನೋ?” ಎಂದಳು.

“ಅಲ್ಲಬೇ. ಅರಬ್ಬಿ ಸಮುದ್ರ.”

ಎಲ್ಲ ಹೇಳಿದೆ. ಮಹಾದೇವಿ ಕುರ್ಚಿಯ ಮೇಲೆ ಕುಸಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಅಷ್ಟು ಸಾವಿರ ವರ್ಷ ಕೆಸರಿನ್ಯಾಗ ಏನೂ ಆಗದಂಗ ಇದ್ವು ನೋಡ್ರಿ” ಎಂದಳು ಮೆಲ್ಲಗೆ. ಅವಳ ಕಣ್ಣು ತುಂಬಿತ್ತು.

“ಕುತ್ತಿಗಿ ನೋಯ್ತೈತಿ ಅಂತಿದ್ದೆಲ್ಲ... ಅದಕ್ಕ ನಾ...” ಎಂದೆ.

ಅವಳು ನನ್ನನ್ನೇ ನೋಡಿದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ, ನಗುತ್ತಿದ್ದಳು!

“ಆ ಪದರಿನ ಕೆಸರು ಲ್ಯಾಬಿನ್ಯಾಗ ಇನ್ನೊಂದೀಟು ಐತ್ರಿ. ಮೊದಲಿಂದ ಮಾಡೂದು, ಮತ್ತೇನು.”

ಪ್ರಾಯಶ್ಚಿತ್ತವಾಗಿ ದಸರೆಯ ರಜೆಯಲ್ಲಿ ಅವಳೊಂದಿಗೆ ಕರಾವಳಿಗೆ ಹೋದೆ. ಕಲಿಯಲೆಂದು ಒಂದು ಚಿಟಿಕೆ ಪುಡಿ ಕೊಟ್ಟಳು. ನನ್ನ ಮಣಿಕಟ್ಟು ಹಿಡಿದು, ಅಕ್ಷರ ತಿದ್ದಿಸುವಂತೆ ಕುಂಚ ಆಡಿಸಿ ತೋರಿಸಿದಳು. ಮಧ್ಯಾಹ್ನವೆಲ್ಲ ಹೆಕ್ಕಿ, ಒಂದು ಸಾಲು ಜೋಡಿಸಿ, ಎದೆಯುಬ್ಬಿಸಿ ಕರೆದೆ.

ಅವಳು ಬಗ್ಗಿ ನೋಡಿದಳು. ಮತ್ತೊಮ್ಮೆ ನೋಡಿದಳು.

“ಸಾಲು ಭಾಳ ಛಲೋ ಹಚ್ಚೀರಿ. ಆದ್ರ ಇವೆಲ್ಲ ಮರಳ್ರಿ.”

“ಎಲ್ಲಾ?”

“ಎಲ್ಲಾ. ಇರಲಿ ಬಿಡ್ರಿ. ನೀವು ಮರಳು ಆರಿಸಿ ಕೊಟ್ರ, ಚಿಪ್ಪು ನನಗ ಲಗೂನ ಸಿಗತಾವ.”

ಅಂದಿನಿಂದ ಸಮುದ್ರ ಸಂಶೋಧನೆಯಲ್ಲಿ ಮರಳಿನ ವಿಭಾಗ ಪೂರ್ತಿ ನನ್ನದು. ಅದಕ್ಕೂ ಒಂದು ಷರತ್ತಿದೆ: ಅವಳು ಪಕ್ಕದಲ್ಲಿ ಕುಳಿತಿರಬೇಕು!