ಎಲ್ಲಾ ಆಫ್ ಮಾಡಿ ಕೊಡೋ ಮಾವ

ಮನುಷ್ಯರನ್ನ ಮಾಡೋ ಕೆಲಸ ದೇವರು ನಮ್ಮ ಸೋದರಮಾವನಿಗೆ ವಹಿಸಿದ್ದಿದ್ರೆ, ನಾವೆಲ್ಲ ಕಣ್ಣು ಮುಚ್ಕೊಂಡೇ ಹುಟ್ಟಿ ಹಾಗೇ ಓಡಾಡ್ತಿದ್ವಿ. ಬೇಕಾದೋರು ತೆರ್ಕೋತಾರೆ ಅಂತ ಬಿಟ್ಟುಬಿಡೋರು!

ಸಹಕಾರನಗರದಲ್ಲಿ ಮಾವನದೊಂದು ಕಂಪ್ಯೂಟರ್ ಅಂಗಡಿ. ಹಳೇ ಮೆಷಿನ್ನುಗಳಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಹಾಕಿ, ಮೊದಲ ಸಲ ಕಂಪ್ಯೂಟರ್ ಮುಟ್ಟೋರಿಗೆ ಮಾರೋರು. ಲಿನಕ್ಸ್ ಮಾಡಿದೋರು ಪಾಪ, ಹೊಸಬರಿಗೆ ಅನುಕೂಲ ಆಗ್ಲಿ ಅಂತ ಸೌಂಡು, ಬರೆದದ್ದು ತಂತಾನೇ ಸೇವ್ ಆಗೋದು, ಎಲ್ಲಾ ಹೊಂದಿಸಿಯೇ ಕೊಟ್ಟಿರ್ತಾರೆ. ಮಾವ ಕೂತ್ಕೊಂಡು ಒಂದೊಂದನ್ನೂ ಆಫ್ ಮಾಡೋರು.

"ರೆಡಿ ಮಾಡಿ ಕೊಟ್ರೆ ಕಲಿಯೋದು ಯಾವಾಗ?"

ಒಬ್ಬರು ರಿಟೈರ್ಡ್ ಮೇಷ್ಟ್ರು ಬಂದು, "ಸೌಂಡೇ ಬರ್ತಿಲ್ಲ ಕಣ್ರೀ" ಅಂದ್ರು.

"ಬರ್ಬೇಕು ಅಂತ ಅನ್ನಿಸ್ತಲ್ಲ ಸಾರ್, ಅದೇ ಮೊದಲ ಪಾಠ."

ಮೇಷ್ಟ್ರು ಎರಡನೇ ಪಾಠಕ್ಕೆ ಬರಲಿಲ್ಲ.

ನನಗೂ ರೇಗಿ, "ಮಾವ, ಹೋಟ್ಲಲ್ಲಿ ಸಾರಿಗೆ ಉಪ್ಪು ಹಾಕೇ ಕೊಡಲ್ವಾ?" ಅಂತ ಕೇಳಿದೆ.

"ಎಷ್ಟು ಹಾಕ್ಬೇಕು ಅಂತ ನಿನ್ನ ಕೇಳಿದ್ರಾ?"

ಇಂಥೋರ ಜೊತೆ ಏನ್ ಮಾತಾಡ್ತೀರಾ?

ಕೆಂಪಾಪುರದ ಮಾವನ ಮನೆಯಲ್ಲಿ ಅತ್ತೆಗೂ ಅಂಥದ್ದೇ ಕಂಪ್ಯೂಟರ್. ಮಾವನ ಅಮ್ಮ, ಅಂದ್ರೆ ನಮ್ಮಜ್ಜಿ, ಊರಿನ ಮದುವೆಗಳಲ್ಲೆಲ್ಲ ಸೋಬಾನೆ ಪದ ಹಾಡ್ತಿದ್ದೋಳು. ಈಗ ಮರೆವು ಶುರುವಾಗಿತ್ತು. ಪೂರ್ತಿ ಮರೆಯೋದ್ರೊಳಗೆ ಪದಗಳನ್ನ ಟೈಪ್ ಮಾಡಿ ಉಳಿಸ್ಬೇಕು ಅಂತ ಅತ್ತೆಗೆ ಹಟ. ಅಜ್ಜಿ ಹಾಡೋಳು, ಅತ್ತೆ ಒಂದೊಂದೇ ಅಕ್ಷರ ಹುಡುಕಿ ಒತ್ತೋರು.

ಒಂದಿನ ಧಾರೆ ಎರೆಯೋವಾಗ ಹಾಡೋ ಪದ, ಉದ್ದಾನುದ್ದದ್ದು, ಮುಗಿಯೋ ಹೊತ್ತಿಗೆ ಕರೆಂಟ್ ಹೋಯ್ತು. ತಂತಾನೇ ಸೇವ್ ಆಗೋದನ್ನ ಮಾವ ಆಫ್ ಮಾಡಿದ್ರಲ್ಲ, ಕರೆಂಟ್ ಬಂದ್ಮೇಲೆ ನೋಡಿದ್ರೆ ಒಂದಕ್ಷರ ಇಲ್ಲ.

"ಇನ್ನೊಂದ್ಸಲ ಹೇಳಮ್ಮ" ಅಂದ್ರು ಅತ್ತೆ.

"ಯಾವ್ ಪದವ್ವಾ?" ಅಂದ್ಲು ಅಜ್ಜಿ. "ಅಂಗೊಂದು ಐತಾ?"

ಅತ್ತೆ ಖಾಲಿ ಸ್ಕ್ರೀನನ್ನ ಮಾವನ ಕಡೆ ತಿರುಗಿಸಿದ್ರು. ಬೈದಿದ್ರೇ ಚೆನ್ನಾಗಿರ್ತಿತ್ತು. ಮಾವ ಸೀದಾ ಹೋಗಿ, ಆಫ್ ಮಾಡಿದ್ದನ್ನೆಲ್ಲ ಆನ್ ಮಾಡಿದ್ರು. ಆಮೇಲೆ ಅಜ್ಜಿ ಮುಂದೆ ನೆಲದ ಮೇಲೆ ಕೂತು, ತಮ್ಮ ಮದುವೇಲಿ ಕೇಳಿದ್ದ ಅದೇ ಪದದ ಎರಡು ಸಾಲನ್ನ ನೆನಪು ಮಾಡ್ಕೊಂಡು ಹಾಡಿದ್ರು. ಆ ರಾಗ ಕೇಳಿ ನಗು ಬಂತು ನನಗೆ.

"ಆಮೇಲೇನಮ್ಮಾ?"

ಅಜ್ಜಿ ಅವರ ಬೋಳುತಲೆ ಸವರಿದ್ಲು.

"ನಂಗ್ ಬರಕಿಲ್ಲ ಮಗಾ. ನೀನೇ ಏಳ್ಕೊಡು."

ಯಾರಿಗೂ ಏನೂ ಹೇಳ್ಕೊಡದ ನಮ್ಮ ಮಾವ, ಅವರ ಅಮ್ಮನಿಗೆ ಅವಳದೇ ಹಾಡಿನ ಎರಡು ಸಾಲನ್ನ ಒಂದೊಂದೇ ಮಾತಾಗಿ ಹೇಳ್ಕೊಡೋಕೆ ಕೂತ್ರು.