ವೈರಸ್ ಹಿಡಿಯಲು ಹೊರಟ ಸೋದರತ್ತೆ

ನಮ್ಮ ಸೋದರತ್ತೆ ಪೊಲೀಸ್ ಇಲಾಖೆಗೆ ಸೇರದೇ ಇದ್ದದ್ದು ಈ ಭಾಗದ ಕಳ್ಳರ ಪುಣ್ಯ! ಸೇರಿದ್ದರೆ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಒಂದು ಕೋಳಿಯೂ ಕಳುವಾಗುತ್ತಿರಲಿಲ್ಲ. ಆದರೆ ಆಕೆ ಹಿಡಿಯಲು ಹೊರಟದ್ದು ಕೋಳಿ ಕಳ್ಳನನ್ನಲ್ಲ, ಒಂದು ವೈರಸ್ಸನ್ನು!

ಇದಕ್ಕೆಲ್ಲ ಕಾರಣ ನಾನು. ಇಟ್ಟಿಗಿಯಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಕೊಟ್ಟೂರಿಗೆ ಬಂದವಳೇ ಜ್ವರದಲ್ಲಿ ಮಲಗಿದೆ. ಜ್ವರವೇನೋ ಹೋಯಿತು. ಕೆಲವು ತಿಂಗಳಲ್ಲಿ ಕೀಲುಗಳು ಹಿಡಿದುಕೊಂಡವು, ಕೆನ್ನೆ ಕೆಂಪಾಯಿತು. ಡಾಕ್ಟರು ರಕ್ತ ನೋಡಿ ಲೂಪಸ್ ಎಂದರು. ದೇಹವನ್ನು ಕಾಯಬೇಕಾದ ಪ್ರತಿಕಾಯಗಳೇ ದೇಹದ ಮೇಲೆ ಬೀಳುವ ಕಾಯಿಲೆಯಂತೆ. ಕೆಲವರಲ್ಲಿ ಯಾವುದೋ ವೈರಸ್ ಅವನ್ನು ಕೆರಳಿಸಿರಬಹುದು, ಖಾತ್ರಿಯಾಗಿ ಹೇಳಲಾಗದು ಎಂದರು.

ಪಕ್ಕದಲ್ಲಿ ಕೂತಿದ್ದ ಅತ್ತೆ ಯೋಚಿಸಿ ಕೇಳಿದಳು: "ಅಂದ್ರ, ಕಳ್ಳ ಬಂದಾಗ ಎದ್ದ ನಾಯಿ, ಕಳ್ಳ ಹೋದ ಮ್ಯಾಲೂ ಸುಮ್ಮನಾಗದೆ ಮನಿಯವ್ರನ್ನ ಕಚ್ಚಾಕ ಹತ್ತೈತಿ. ಹೌದಲ್ರಿ?"

"ಹೆಚ್ಚುಕಡಿಮೆ ಹಂಗೇ ಅಮ್ಮ."

"ಹಂಗಾರ ನಾಯಿ ನೀವು ನೋಡ್ಕೊಳ್ರಿ, ಕಳ್ಳನ್ನ ನಾ ಹಿಡೀತೀನಿ!"

"ಇರಬಹುದು" ಎಂಬ ಮಾತು ನಮ್ಮತ್ತೆಯ ಕಿವಿಗೆ ಎಂದಾದರೂ ಬಿದ್ದದ್ದುಂಟೇ? ಮರುದಿನವೇ ಇಟ್ಟಿಗಿಗೆಂದು ಹಡಗಲಿ ಬಸ್ಸು ಹತ್ತಿದಳು. ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ಸೀನಿದ್ದ ಇಟ್ಟಿಗಿಯ ಹಿರಿಯರೊಬ್ಬರು ಮೊದಲ ಆರೋಪಿ.

"ಅವತ್ತು ಯಾಕ ಸೀನಿದ್ರಿ?"

"ಒಗ್ಗರಣಿ ಘಾಟಿಗ್ರಿ ಅಕ್ಕಾರ!"

"ಜ್ವರ ಬಂದಿತ್ತಿಲ್ಲೋ?"

"ಇಲ್ರಿ."

"ಬಂದಿದ್ರ ಚಲೋ ಇತ್ತು!" ಎಂದು ಅತ್ತೆ ಬೇಜಾರಿನಿಂದ ಎದ್ದು ಬಂದಳಂತೆ. ಆ ಪುಣ್ಯಾತ್ಮರು ಕೊಟ್ಟ ಚಹಾ ಕೂಡ ಕುಡಿಯಲಿಲ್ಲ.

ಎರಡನೆಯ ಆರೋಪಿ, ಮದುವೆಗೆಂದು ನನ್ನ ಕೈ ಹಿಡಿದು ಬಳೆ ತೊಡಿಸಿದ್ದ ಹಗರಿಬೊಮ್ಮನಹಳ್ಳಿಯ ಬಳೆಗಾರ್ತಿ. ಆಕೆ ಕೆಮ್ಮಿದ್ದಳು ಎಂಬುದೇ ಸಾಕ್ಷಿ! ಬಳೆಗಾರ್ತಿ ಜಗ್ಗಿದಳೇ? ತನಿಖೆಗೆ ಹೋದ ಅತ್ತೆ ಮೊಣಕೈವರೆಗೆ ಹಸಿರು ಬಳೆ ತೊಟ್ಟುಕೊಂಡು ಮನೆಗೆ ಬಂದಳು.

ಇನ್ನು ಉಳಿದವನು ಮದುವೆಯಲ್ಲಿ ಬಡಿಸಿದ್ದ ಹರಪನಹಳ್ಳಿಯ ಅಡುಗೆಯವನು. ಅವನನ್ನು ಹುಡುಕಲೆಂದು ಒಂದು ಬೆಳಿಗ್ಗೆ ಅತ್ತೆ ಚೀಲ ಹಿಡಿದು ಹೊರಟಾಗ ಬಾಗಿಲಿಗೆ ಅಡ್ಡ ನಿಂತೆ.

"ಸಾಕು ಮಾಡತ್ತಿ! ಕಳ್ಳ ಸಿಕ್ರ ಏನ್ ಮಾಡ್ತಿ? ಜೈಲಿಗೆ ಹಾಕ್ತೀಯೇನು?"

ನಾನು ನಗುತ್ತಿದ್ದೆ. ಅತ್ತೆ ನಗಲಿಲ್ಲ.

"ಮದುವಿ ಮನ್ಯಾಗ ಮೊದಲು ಜ್ವರ ಬಂದಿದ್ದು ನನಗವ್ವ. ನೀ ನನ್ನ ಮಗ್ಗಲಾಗ ಕುಂತು ಹಣಿ ಒತ್ತಿದಿ. ಬ್ಯಾರೆ ಯಾರಾದ್ರೂ ಸಿಗ್ಲಿ ಅಂತ ತಿರುಗಾಕ ಹತ್ತೀನಿ. ಒಬ್ರೂ ಸಿಗವಲ್ರು."

ನಾನದನ್ನು ಮರೆತೇಬಿಟ್ಟಿದ್ದೆ. ಅವಳು ಮರೆತಿರಲಿಲ್ಲ. ನನಗೆ ಅಳು ಬಂತು.

"ಅಂಥ ಜ್ವರ ಊರಿಗೆಲ್ಲ ಬರ್ತೈತತ್ತಿ. ಎಲ್ಲಾರ ಮನ್ಯಾಗೂ ನಾಯಿ ಕಚ್ಚತೈತೇನು? ಡಾಕ್ಟರು ಇರಬಹುದು ಅಂದಾರ, ಅಷ್ಟ" ಎಂದು ಅವಳ ಹಣೆಯ ಮೇಲೆ ಕೈಯಿಟ್ಟೆ.

ಅತ್ತೆ ಗಾಬರಿಯಾಗಿ ಮುಖ ಹಿಂದಕ್ಕೆಳೆದುಕೊಂಡಳು. "ಈಗ ನನಗ ಜ್ವರ ಇಲ್ಲ, ಬಿಡು."

"ಗೊತ್ತೈತಿ" ಎಂದೆ. ಕೈ ತೆಗೆಯಲಿಲ್ಲ.